‘ಜಿ’ ಎಂಬ ಹಣೆಪಟ್ಟಿ: ಫೋನು ಕೊಳ್ಳುವ ಮುನ್ನ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಬೆಳೆಗಾರರಿಗೆ ಮೊಬೈಲ್ ಫೋನು ಈಗ ಷೋಕಿಯ ವಸ್ತುವಾಗಿ ಉಳಿದಿಲ್ಲ. ಅಡಿಕೆ ಧಾರಣೆ ತಿಳಿಯುವುದು ಅದರಲ್ಲಿ, ಬ್ಯಾಂಕಿನ ಓಟಿಪಿ ಬರುವುದು ಅದರಲ್ಲಿ, ಬೆಳೆ ಸಮೀಕ್ಷೆಗೆ ತೋಟದ ಚಿತ್ರ ತೆಗೆಯುವುದೂ ಅದರಲ್ಲೇ. ಹೀಗಿರುವಾಗ “4ಜಿ ಹಳೆಯದಾಯಿತು, 5ಜಿ ತೆಗೆದುಕೊಳ್ಳಿ” ಎಂದು ಅಂಗಡಿಯವರು ಹೇಳಿದೊಡನೆ ಹತ್ತು ಹದಿನೈದು ಸಾವಿರ ರೂಪಾಯಿ ಎಣಿಸುವ ಮುನ್ನ, ಈ ‘ಜಿ’ ಎಂದರೇನು, ಅದನ್ನು ನಿಶ್ಚಯಿಸುವವರು ಯಾರು ಎಂದು ಸದಸ್ಯ ಬಂಧುಗಳು ತಿಳಿದಿರುವುದು ಒಳ್ಳೆಯದು.

‘ಜಿ’ ಎಂದರೆ ಜನರೇಷನ್, ಅಂದರೆ ತಲೆಮಾರು. ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಆರಂಭವಾದ ಮೊಬೈಲ್ ಸೇವೆ 2ಜಿ. 3ಜಿ 2008ರ ಕೊನೆಯಲ್ಲಿ ದೆಹಲಿಗೆ ಬಂತು. 4ಜಿ 2012ರ ಏಪ್ರಿಲಿನಲ್ಲಿ ಕಲ್ಕತ್ತೆಗೆ, ಮರುತಿಂಗಳು ಬೆಂಗಳೂರಿಗೆ ಬಂತು. 5ಜಿ ಉದ್ಘಾಟನೆಯಾದದ್ದು 2022ರ ಅಕ್ಟೋಬರ್ 1ರಂದು. ಇಷ್ಟರಲ್ಲಿ ಗೊಂದಲವೇನೂ ಇಲ್ಲ. ಗೊಂದಲವಿರುವುದು ಯಾವುದನ್ನು 4ಜಿ ಎನ್ನಬೇಕು, ಯಾವುದನ್ನು 5ಜಿ ಎನ್ನಬೇಕು ಎಂಬಲ್ಲಿ.

ಇದಕ್ಕೆ ಅಳತೆಗೋಲು ಇಡುವುದು ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಅದು ಕೊಡುವ ಹೆಸರುಗಳೇ ಬೇರೆ. ನಾವು 4ಜಿ ಎನ್ನುವುದಕ್ಕೆ ಅಲ್ಲಿ ‘ಐಎಂಟಿ ಅಡ್ವಾನ್ಸ್ಡ್’ ಎಂದು ಹೆಸರು. 2008ರಲ್ಲಿ ನಿಗದಿಯಾದ ಗುರಿಯಂತೆ, ಹೆಚ್ಚು ಚಲನೆಯಿಲ್ಲದಿದ್ದಾಗ ಸೆಕೆಂಡಿಗೆ 1 ಗಿಗಾಬಿಟ್, ವೇಗದ ವಾಹನದಲ್ಲಿದ್ದಾಗ 100 ಮೆಗಾಬಿಟ್ ಸಾಗಬೇಕು. ಮೊದಮೊದಲ ಎಲ್‌ಟಿಇ ಸೇವೆ ಈ ಅಳತೆಯನ್ನು ಮುಟ್ಟುತ್ತಿರಲಿಲ್ಲ. ಕಂಪನಿಗಳು ಮಾತ್ರ ಅದನ್ನು ಆಗಲೇ 4ಜಿ ಎಂದು ಮಾರಲು ತೊಡಗಿದ್ದವು. 2010ರ ಅಕ್ಟೋಬರಿನಲ್ಲಿ ಒಕ್ಕೂಟ ಎರಡೇ ತಂತ್ರಗಳಿಗೆ ಮನ್ನಣೆ ಕೊಟ್ಟಿತು. ಡಿಸೆಂಬರಿನಲ್ಲಿ, ಎಲ್‌ಟಿಇ, ವೈಮ್ಯಾಕ್ಸ್ ಮತ್ತು ಸುಧಾರಿಸಿದ 3ಜಿಯನ್ನು ಸಹ 4ಜಿ ಎಂದು ಕರೆಯಬಹುದೆಂದು ಹೇಳಿಬಿಟ್ಟಿತು! ಬೆಟ್ಟೆ ಸ್ವಲ್ಪ ಚೆನ್ನಾಗಿದ್ದರೆ ಸರಕೆಂದೇ ಬರೆದುಕೊಳ್ಳಿ ಎಂದು ಅಡಿಕೆ ಮಂಡಿಯಲ್ಲಿ ಯಾರಾದರೂ ಹೇಳಿದ್ದರೆ ಖರೀದಿದಾರರು ಸುಮ್ಮನಿರುತ್ತಿದ್ದರೆ?

ಅಮೆರಿಕದ ಎಟಿ ಅಂಡ್ ಟಿ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸುಧಾರಿಸಿದ 4ಜಿಗೇ ‘5ಜಿ ಇ’ ಎಂಬ ಗುರುತು ಹಾಕಿತು. ಆ ಪ್ರಚಾರ ನಿಲ್ಲಿಸಬೇಕೆಂದು ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ 2020ರಲ್ಲಿ ಶಿಫಾರಸು ಮಾಡಬೇಕಾಯಿತು.

5ಜಿಯಲ್ಲೂ ಎರಡು ಬಗೆ ಇದೆ. ಜಿಯೋ ಆರಂಭದಿಂದ ಸ್ವತಂತ್ರ 5ಜಿ ಹಾಕಿತು. ಏರ್‌ಟೆಲ್ ತನ್ನ 4ಜಿ ಜಾಲಕ್ಕೆ 5ಜಿಯನ್ನು ಕಸಿ ಕಟ್ಟಿ ಆರಂಭಿಸಿತು. ಎರಡನೆಯ ಬಗೆಯಲ್ಲಿ ಫೋನಿನ ಮೇಲೆ 5ಜಿ ಗುರುತು ಕಾಣುತ್ತಿದ್ದರೂ ಆ ಕ್ಷಣಕ್ಕೆ ಕೆಲಸ 4ಜಿಯಲ್ಲೇ ನಡೆಯುತ್ತಿರಬಹುದು. ಇನ್ನು 5ಜಿಗೆ ಹೇಳುವ ಸೆಕೆಂಡಿಗೆ 20 ಗಿಗಾಬಿಟ್ ಎಂಬುದು ಆದರ್ಶ ಸ್ಥಿತಿಯ ಗರಿಷ್ಠ ಲೆಕ್ಕ. ಅದು ಒಬ್ಬೊಬ್ಬರ ಕೈಗೂ ಬರುವುದೆಂದು ತಿಳಿಯತಕ್ಕದ್ದಲ್ಲ.

ನಮ್ಮ ಮಲೆನಾಡಿನಲ್ಲಿ ‘ಜಿ’ಗಿಂತಲೂ ಮುಖ್ಯವಾದದ್ದು ತರಂಗದ ಆವರ್ತನ. 700 ಮೆಗಾಹರ್ಟ್ಸಿನಂಥ ಕಡಿಮೆ ಆವರ್ತನದ ಅಲೆ ದೂರ ಹೋಗುತ್ತದೆ, ಮರಗಿಡಗಳ ನಡುವೆಯೂ ಮೇಲಾಗಿ ನುಸುಳುತ್ತದೆ. 5ಜಿಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸಿನ ಮೇಲಿನ ಅಲೆ ಹೆಚ್ಚು ಹೊರೆ ಹೊರಬಲ್ಲದು, ಆದರೆ ದೂರ ನಡೆಯಲಾರದು. ಗುಡ್ಡದ ಮರೆಯಲ್ಲಿ ಸೋಲುತ್ತದೆ, ಮಳೆಗಾಲದಲ್ಲಿ ತೊಯ್ದ ಸಿಲ್ವರ್ ಓಕಿನ ಎಲೆಗಳೂ ಅದನ್ನು ನುಂಗುತ್ತವೆ. ಗೋಪುರ ಪೇಟೆಯಲ್ಲಿದ್ದು ಮನೆ ಕಣಿವೆಯಲ್ಲಿದ್ದರೆ, ಹೊಸ ಫೋನು ಹಳೆಯ ಫೋನಿನಷ್ಟೇ ಪರದಾಡುವುದು. ಗೋಪುರದ ಬ್ಯಾಟರಿ ಮುಗಿದರಂತೂ ಎಲ್ಲ ತಲೆಮಾರುಗಳೂ ಒಟ್ಟಿಗೆ ಮಲಗುತ್ತವೆ.

ಬಿಎಸ್‌ಎನ್‌ಎಲ್ ಸದಸ್ಯರು ವಿಶೇಷವಾಗಿ ಗಮನಿಸಬೇಕು. ಸಿ-ಡಾಟ್, ಟಿಸಿಎಸ್ ಹಾಗೂ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸೇರಿ ಕಟ್ಟಿದ ಸ್ವದೇಶಿ 4ಜಿ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು. ಇದು 700 ಮತ್ತು 2100 ಮೆಗಾಹರ್ಟ್ಸಿನಲ್ಲಿ ನಡೆಯುತ್ತದೆ. 4ಜಿ ಫೋನುಗಳೆಲ್ಲವೂ 700ನ್ನು ಹಿಡಿಯುವುದಿಲ್ಲ. ‘ಬ್ಯಾಂಡ್ 28 ಇದೆಯೇ’ ಎಂದು ಅಂಗಡಿಯಲ್ಲಿ ಕೇಳಿ. ಹಳೆಯ ಸಿಮ್ ಇದ್ದರೆ 4ಜಿ ಸಿಮ್‌ಗೆ ಬದಲಾಯಿಸಿಕೊಳ್ಳಬೇಕು. ತೋಟದ ಕೆಲಸದವರ ಕೈಯಲ್ಲಿರುವ ಗುಂಡಿ ಫೋನು ಬರೀ 2ಜಿಯದಾದರೆ ಜಿಯೋದಲ್ಲಿ ನಡೆಯದು. ಆ ಕಂಪನಿಗೆ 2ಜಿಯೇ ಇಲ್ಲ. ಕರೆ, ಓಟಿಪಿ ಇಷ್ಟೇ ಸಾಕೆನ್ನುವವರಿಗೆ 2ಜಿ ಇರುವ ಕಂಪನಿಗಳಲ್ಲಿ ಅದೇ ಫೋನು ಸಾಲುತ್ತದೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2024ರ ನಿಯಮದಂತೆ, ಎಲ್ಲೆಲ್ಲಿ 2ಜಿ, 4ಜಿ, 5ಜಿ ಸಿಗುತ್ತದೆಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕು. ಆ ನಕ್ಷೆಯಲ್ಲಿ ತಮ್ಮ ಊರನ್ನು ಹುಡುಕಿ ನೋಡಿ. ಅದಕ್ಕಿಂತ ಖಾತ್ರಿಯಾದದ್ದು, ಆ ಕಂಪನಿಯ ಸಿಮ್ ಇರುವ ನೆಂಟರನ್ನೋ ನೆರೆಯವರನ್ನೋ ಕರೆದು ತಮ್ಮದೇ ಅಂಗಳದಲ್ಲಿ, ಅಡಿಕೆ ಕಣದಲ್ಲಿ, ಮನೆಯೊಳಗೆ ಪರೀಕ್ಷಿಸುವುದು. ಟ್ರಾಯ್‌ನ ‘ಮೈಸ್ಪೀಡ್’ ಎಂಬ ಆ್ಯಪ್ ವೇಗವನ್ನು ಅಂಕಿಯಲ್ಲೇ ತೋರಿಸುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರ ಸುಮಾರಿಗೆ ಇನ್ನೊಮ್ಮೆ ನೋಡಿ. ರಾತ್ರಿ ಹೊತ್ತು ಊರಿಗೆ ಊರೇ ಒಂದೇ ಗೋಪುರಕ್ಕೆ ಜೋತುಬಿದ್ದಿರುತ್ತದೆ.