ಹಚ್ಚೆ ಹಾಕಿಸಿದಿರಾ? ಆರೈಕೆ ಮರೆಯದಿರಿ

ನವಲಗುಂದ, ಅಣ್ಣಿಗೇರಿ ಕಡೆಯ ಅಜ್ಜಿಯರ ಮುಂಗೈ ಮೇಲಿನ ಹಸಿರು ಹಚ್ಚೆ ನೋಡಿದ್ದೀರಲ್ಲ? ಕೊರವರ ಹೆಂಗಸರು ಮನೆಬಾಗಿಲಿಗೇ ಬಂದು ಸೂಜಿಯಿಂದ ಚುಚ್ಚಿ ಹೋಗುತ್ತಿದ್ದರು. ಈಗ ಜಾತ್ರೆಯಲ್ಲಿ ಮಶಿನ್ ಇಟ್ಟುಕೊಂಡು ಕೂತವರ ಮುಂದೆ ಮಗಳು 'ಟ್ಯಾಟೂ ಬೇಕು' ಅಂತ ಹಟ ಹಿಡಿಯುತ್ತಾಳೆ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೂ ಬಳಸಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಅಂಟಬಹುದು. ಹೊಸ ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯದಿದ್ದರೆ ಎದ್ದು ಬನ್ನಿ.

ಆರೈಕೆ ಹೀಗಿರಲಿ

* ಹಚ್ಚೆಯೂ ಒಂದು ಗಾಯವೇ. ಕೈ ತೊಳೆದುಕೊಂಡೇ ಮುಟ್ಟಿ.
* ದಿನಕ್ಕೆರಡು ಸಲ ಸೌಮ್ಯ ಸೋಪು, ಶುದ್ಧ ನೀರಿನಿಂದ ತೊಳೆದು, ಒತ್ತಿ ಒರೆಸಿ.
* ಅರಿಸಿನ, ಸುಣ್ಣ, ಬೂದಿ ಹಚ್ಚಬೇಡಿ.
* ಹಕ್ಕಳೆ ಕೀಳಬೇಡಿ. ಮಾಯುವವರೆಗೆ, ಅಂದರೆ ಎರಡು-ಮೂರು ವಾರ, ಕೆರೆ, ಹೊಳೆಯಲ್ಲಿ ಈಜು ಬೇಡ.

ನಂಜಾಗಿದೆಯೇ?

ಮೊದಲ ಎರಡು-ಮೂರು ದಿನ ತುಸು ಕೆಂಪು, ಬಾವು, ಉರಿ ಸಹಜ. ದಿನೇ ದಿನೇ ಇಳಿಯಬೇಕು. ಇಳಿಯುವ ಬದಲು ಏರಿದರೆ, ಕೀವು ತುಂಬಿದರೆ, ಮುಟ್ಟಿದರೆ ಬಿಸಿ ಎನಿಸಿದರೆ ಅದು ಸೋಂಕು. ಕೀವು ಹಿಂಡಬೇಡಿ. ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮು ಹಚ್ಚಿ ಕಾಯಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ನಂಜು ಹೆಚ್ಚೀತು. ವೈದ್ಯರು ಪರೀಕ್ಷಿಸಿ ತಕ್ಕ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಅವರು ಹೇಳಿದಷ್ಟು ದಿನವೂ ನುಂಗಿ. ಟಿಟಿ ಇಂಜೆಕ್ಷನ್ ಬೇಕೇ ಎಂದೂ ಕೇಳಿ. ಜ್ವರ, ಚಳಿ ಬಂದರೆ ಅಥವಾ ಗಾಯದಿಂದ ಕೆಂಪು ಗೆರೆ ಮೇಲಕ್ಕೆ ಹರಿದರೆ ಅಂದೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಹಚ್ಚೆ ಹಾಕಿಸದಿರುವುದೇ ಲೇಸು.

ನೆನಪಿರಲಿ: ಹಚ್ಚೆ ಹಾಕಿಸಿದ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ.