ಮೇಲ್ ಹೊರಟಿತು, ತಲುಪಿತೇ?

ತಿಂಗಳ ಬಿಲ್ಲು, ಟಿಕೆಟ್ಟಿನ ರಸೀದಿ, ಲಾಗಿನ್ ಒಟಿಪಿ. ನಮ್ಮ ಇನ್‌ಬಾಕ್ಸಿಗೆ ಬರುವ ಎಷ್ಟೋ ಪತ್ರಗಳನ್ನು ಮನುಷ್ಯರು ಬರೆದಿರುವುದಿಲ್ಲ. ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಸರ್ವರ್ ತಾನೇ ಬರೆದು ಕಳಿಸುತ್ತದೆ. ಹೊಸ ಸರ್ವರ್‌ನಿಂದ ಮೊದಲ ಮೇಲ್ ಕಳಿಸಿದವರಿಗೆ ಮಾತ್ರ ಲಾಗ್‌ನಲ್ಲಿ ಸಿಗುವುದು ಹೆಚ್ಚಾಗಿ ಒಂದೇ ಉತ್ತರ: ‘ಕನೆಕ್ಷನ್ ಟೈಮ್ಡ್ ಔಟ್’.

ಕಾರಣ, ಮೇಲ್ ಸರ್ವರ್‌ನಿಂದ ಸರ್ವರ್‌ಗೆ ಹೋಗುವ ಬಾಗಿಲಾದ ಪೋರ್ಟ್ 25. ಮೇಲ್ ಸರ್ವರ್‌ಗಳು ಪರಸ್ಪರ ಮಾತಾಡುವ ಎಸ್‌ಎಂಟಿಪಿ ನಿಯಮಗಳನ್ನು ಜಾನ್ ಪೋಸ್ಟೆಲ್ 1982ರಲ್ಲಿ ಪ್ರಕಟಿಸಿದಾಗ ಜಾಲದಲ್ಲಿದ್ದವರು ಬಹುತೇಕ ಪರಿಚಿತರೇ. ಯಾರ ಹೆಸರಿನಲ್ಲಿ ಯಾರು ಕಳಿಸಿದರೂ ಕೇಳುವವರಿರಲಿಲ್ಲ. ಆ ಸಲುಗೆಯನ್ನು ಸ್ಪ್ಯಾಮ್‌ನವರು ಬಾಚಿಕೊಂಡರು. ಕ್ಲೌಡ್ ಬಂದ ಮೇಲಂತೂ ನಿಮಿಷಗಳಲ್ಲಿ ಸರ್ವರ್ ಎಬ್ಬಿಸಿ, ರಾಶಿ ರಾಶಿ ಮೇಲ್ ಸುರಿದು ಮಾಯವಾಗುವುದು ಸುಲಭವಾಯಿತು. ಹಾಗಾಗಿ ಅಮೆಜಾನ್, ಗೂಗಲ್‌ನಂಥ ಕ್ಲೌಡ್ ಸಂಸ್ಥೆಗಳು ಹೊರಹೋಗುವ ಪೋರ್ಟ್ 25ಕ್ಕೆ ಮೊದಲೇ ಬೀಗ ಹಾಕಿರುತ್ತವೆ. ಬೀಗ ತೆಗೆಸಿದರೂ ಇನ್ನೊಂದು ಕಾಟವಿದೆ: ಹಳೆಯ ಬಾಡಿಗೆದಾರನಿಗೆ ಸಾಲ ಕೊಟ್ಟವರು ಹೊಸಬನ ಕದ ತಟ್ಟಿದ ಹಾಗೆ, ಐಪಿ ವಿಳಾಸವನ್ನು ಹಿಂದೆ ಬಳಸಿದವನ ಅಪಕೀರ್ತಿ ನಮ್ಮ ತಲೆಗೆ ಬರಬಹುದು.

ಇಲ್ಲಿ ನೆರವಿಗೆ ಬರುವುದು ರಿಲೇ. ಮೇಲ್ ಬರೆಯುವ ಸರ್ವರ್ ಅದನ್ನು ತಾನೇ ಊರೂರಿಗೆ ಒಯ್ಯದೆ, ಪೋರ್ಟ್ 587ರ ಮೂಲಕ ಹೆಸರು–ಪಾಸ್‌ವರ್ಡ್ ತೋರಿಸಿ, ಹೆಸರು ಉಳಿಸಿಕೊಂಡ ಮತ್ತೊಂದು ಸರ್ವರ್‌ಗೆ ಒಪ್ಪಿಸುತ್ತದೆ. 1998ರಲ್ಲಿ ಐಬಿಎಂ ಸಂಶೋಧನಾ ಕೇಂದ್ರದಿಂದ ಬಂದ, ವೀಟ್ಸೆ ವೆನೆಮಾ ಬರೆದ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದಲ್ಲಿ ಇದು ಕೆಲವೇ ಸಾಲುಗಳ ಕೆಲಸ. ‘ರಿಲೇಹೋಸ್ಟ್’ ಎದುರು ವಿಳಾಸ ಬರೆಯಬೇಕು, ದಾರಿಯಲ್ಲಿ ಯಾರೂ ಓದದಂತೆ ಟಿಎಲ್‌ಎಸ್ ಕಡ್ಡಾಯ ಮಾಡಬೇಕು, ಪಾಸ್‌ವರ್ಡ್ ಕಡತವನ್ನು ರೂಟ್ ಬಿಟ್ಟು ಬೇರೆಯವರು ಓದದಂತೆ ಮುಚ್ಚಬೇಕು. ಪಾಸ್‌ವರ್ಡ್ ಬದಲಿಸಿ, ಆ ಕಡತವನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ‘ಪೋಸ್ಟ್‌ಮ್ಯಾಪ್’ ಓಡಿಸಲು ಮರೆತರೆ ಪೋಸ್ಟ್‌ಫಿಕ್ಸ್ ಹಳೆಯ ಪಾಸ್‌ವರ್ಡನ್ನೇ ಒಪ್ಪಿಸುತ್ತಿರುತ್ತದೆ. ‘ಮೈನೆಟ್‌ವರ್ಕ್ಸ್’ ಪಟ್ಟಿಯಲ್ಲಿ ನಮ್ಮ ಯಂತ್ರಗಳಷ್ಟೇ ಇರಬೇಕು; ಅದು ಸಡಿಲವಾದರೆ ಸ್ಪ್ಯಾಮ್‌ನವರಿಗೆ ನಾವೇ ದಾರಿ ಬಿಟ್ಟಂತೆ.

ಸರತಿ ಸಾಲಿನ ಅವಧಿಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ತಲುಪದ ಮೇಲನ್ನು ಪೋಸ್ಟ್‌ಫಿಕ್ಸ್ ತಾನಾಗಿ 5 ದಿನ ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಬಿಲ್ಲಿಗೆ ಅದು ಸರಿ. ಹತ್ತು ನಿಮಿಷಕ್ಕೆ ಸಾಯುವ ಒಟಿಪಿ ಮರುದಿನ ಬಂದರೆ ಗ್ರಾಹಕ ಗಾಬರಿಯಾಗುತ್ತಾನೆ, ಅಷ್ಟೆ. ಅಂಥ ಸರ್ವರ್‌ನಲ್ಲಿ ಅವಧಿ ಇಳಿಸುವುದು ಲೇಸು.

ರಿಲೇ ಸಿಕ್ಕಿತೆಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. ನಮ್ಮ ಡೊಮೈನ್ ಪರವಾಗಿ ಕಳಿಸಲು ಯಾರಿಗೆ ಅಧಿಕಾರವಿದೆ ಎಂದು ಎಸ್‌ಪಿಎಫ್ ಹೇಳುತ್ತದೆ, ಡಿಕಿಮ್ ಪ್ರತಿ ಮೇಲ್‌ಗೂ ಸಹಿ ಹಾಕುತ್ತದೆ, ಇವೆರಡೂ ತಾಳೆಯಾಗದಿದ್ದರೆ ಏನು ಮಾಡಬೇಕೆಂದು ಡಿಮಾರ್ಕ್ ತಿಳಿಸುತ್ತದೆ. ತನ್ನ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರುವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದೆ. ಸ್ಪ್ಯಾಮ್ ದೂರುಗಳು ಶೇ 0.3 ಮುಟ್ಟಬಾರದು. ಜಿಮೇಲ್‌ಗೆ ಒಂದು ಪತ್ರ ಕಳಿಸಿ ‘ಶೋ ಒರಿಜಿನಲ್’ ಒತ್ತಿದರೆ ಮೂರೂ ‘ಪಾಸ್’ ಆಗಿವೆಯೇ ಎಂಬುದು ಕಣ್ಣೆದುರೇ ಕಾಣುತ್ತದೆ.

ಜಾಹೀರಾತಿನ ಮೇಲ್‌ಗಳನ್ನು ಬೇರೆ ಸಬ್‌ಡೊಮೈನ್‌ನಿಂದಲೇ ಕಳಿಸುವುದು ಜಾಣತನ. ಅವುಗಳ ಮೇಲಿನ ಸಿಟ್ಟು ಒಟಿಪಿಯ ಮೇಲೆ ತಿರುಗಬಾರದಲ್ಲ! ರಿಲೇ ಸಂಸ್ಥೆಯನ್ನು ಬೇಕೆಂದಾಗ ಬದಲಿಸಬಹುದು. ಡೊಮೈನಿಗೆ ಅಂಟಿದ ಕೆಟ್ಟ ಹೆಸರು ಯಾವ ರಿಲೇಗೆ ಹೋದರೂ ಹಿಂದೆಯೇ ಬರುತ್ತದೆ.