ಹಳೆಯ ಕಂಪ್ಯೂಟರ್ ತೆವಳುತ್ತಿದೆಯೇ? ಎಸೆಯುವ ಮುನ್ನ ಪರೀಕ್ಷಿಸಿ

ಎಂಟು-ಹತ್ತು ವರ್ಷ ಹಳೆಯದಾದ ಡೆಸ್ಕ್‌ಟಾಪ್ ಕಂಪ್ಯೂಟರ್ ಚಾಲನೆಗೊಳ್ಳಲು ನಿಮಿಷಗಟ್ಟಲೆ ಕಾಯಿಸಿದರೆ ಹೊಸದನ್ನು ಕೊಳ್ಳುವ ಯೋಚನೆ ಸಹಜ. ಆದರೆ ಅನೇಕ ವೇಳೆ ವಿಳಂಬದ ಮೂಲ ಪ್ರೊಸೆಸರ್ ಅಲ್ಲ, ಹಾರ್ಡ್ ಡಿಸ್ಕ್.

ಡಿಸ್ಕ್‌ನೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7,200 ಬಾರಿ ಸುತ್ತುತ್ತದೆ. ಬೇಕಾದ ಮಾಹಿತಿ ಓದುವ ಮುಳ್ಳಿನಡಿ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡ್ ಬೇಕು. ಮುಳ್ಳು ಸರಿಯುವ ಸಮಯ ಬೇರೆ. ವಿಂಡೋಸ್ ಆರಂಭದಲ್ಲಿ ಸಾವಿರಾರು ಸಣ್ಣ ಕಡತಗಳನ್ನು ಓದುವುದರಿಂದ ಈ ಕಾಯುವಿಕೆ ಹನಿಗೂಡಿ ಹಳ್ಳವಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಸುತ್ತುವ ಭಾಗವೇ ಇಲ್ಲ.

ದೋಷ ಪತ್ತೆಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ಡಿಸ್ಕ್ ಬಳಕೆ ಸತತವಾಗಿ ಶೇ. 100ರ ಆಸುಪಾಸಿನಲ್ಲಿದ್ದು ಮೆಮೊರಿಯಲ್ಲಿ ಜಾಗವಿದ್ದರೆ ಎಸ್‌ಎಸ್‌ಡಿ ಅಳವಡಿಸುವುದು ಲೇಸು. ಮೆಮೊರಿಯೇ ತುಂಬಿದ್ದರೆ ರ್‍ಯಾಮ್ ಹೆಚ್ಚಿಸಬೇಕು. ಆದರೆ 32 ಬಿಟ್‌ನ ವಿಂಡೋಸ್ 10, 4 ಜಿಬಿಗಿಂತ ಹೆಚ್ಚಿನ ರ್‍ಯಾಮ್ ಬಳಸಲಾರದು. ತಾನಾಗಿಯೇ ಆರಂಭವಾಗುವ ಅನಗತ್ಯ ತಂತ್ರಾಂಶಗಳನ್ನು ಅಲ್ಲಿಯೇ ನಿಷ್ಕ್ರಿಯಗೊಳಿಸಬಹುದು, ಇದಕ್ಕೆ ಖರ್ಚಿಲ್ಲ.

ಏನೇ ಮಾಡುವ ಮುನ್ನ ಛಾಯಾಚಿತ್ರ, ದಾಖಲೆಗಳನ್ನು ಬೇರೆಡೆ ನಕಲಿಸಿಡಬೇಕು. ಡಿಸ್ಕ್ ದಿಢೀರನೆ ನಿಧಾನವಾಗುವುದು ಅದು ಕೆಡುತ್ತಿರುವುದರ ಸೂಚನೆಯೂ ಆಗಿರಬಹುದು.

ವೇಗ ಮರಳಿದ ಮಾತ್ರಕ್ಕೆ ಸುರಕ್ಷತೆ ಮರಳದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಟಿಪಿಎಂ 2.0 ಸೌಲಭ್ಯವನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಬೇಡುತ್ತದೆ. ಅವಿಲ್ಲದ ಯಂತ್ರಕ್ಕೆ ಉಚಿತವಾಗಿ ದೊರೆಯುವ ಲಿನಕ್ಸ್ ಸೂಕ್ತ ಆಸರೆ.